ಅಡಿಕೆ ಕ್ಯಾನ್ಸರ್ ತರುತ್ತದೆಯೇ, ತಡೆಯುತ್ತದೆಯೇ? ಎರಡೂ ಸುದ್ದಿಯ ಹಿಂದಿನ ಫಾಸ್ಫೇಟ್ ಕತೆ

ಮಂಗಳೂರು, ಪುತ್ತೂರು, ಸುಳ್ಯ, ಕಾರ್ಕಳ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಎರಡು ಸುದ್ದಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ ಎಂಬುದು ಒಂದು. ಅಡಿಕೆಯಲ್ಲಿರುವ ಅರೆಕೋಲಿನ್ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನೇ ತಡೆಯುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂಬುದು ಇನ್ನೊಂದು. ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಎರಡರಲ್ಲಿ ಒಂದು ಸುಳ್ಳಿರಬೇಕು ಅಲ್ವಾ?

ಇಲ್ಲ. ಎರಡೂ ಸುದ್ದಿಗೆ ನಿಜವಾದ ಸಂಶೋಧನೆಯ ಆಧಾರವಿದೆ. ಎರಡಕ್ಕೂ ಒಂದೇ ಬೇರು ಇದೆ ಎಂಬುದು ಇನ್ನೂ ಮುಖ್ಯ. ನಮ್ಮ ಜೀವಕೋಶದೊಳಗಿನ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಎಂಬ ಸಣ್ಣ ಗುಂಪು ಅಂಟುತ್ತದೆ, ಮತ್ತೆ ಕಳಚುತ್ತದೆ. ಅಡಿಕೆಯ ಹಾನಿಯ ದಾರಿಯೂ, ಆ 'ಔಷಧ ಗುಣ'ದ ದಾರಿಯೂ ಈ ಅಂಟು-ಕಳಚಿನ ಮೂಲಕವೇ ಹೋಗುತ್ತವೆ. ಅದನ್ನು ಸ್ವಲ್ಪ ತಾಳ್ಮೆಯಿಂದ ಅರ್ಥ ಮಾಡಿಕೊಂಡರೆ ಯಾವ ಸುದ್ದಿಗೆ ಎಷ್ಟು ತೂಕ ಕೊಡಬೇಕು ಎಂಬುದು ಗೊತ್ತಾಗುತ್ತದೆ.

ಗೊಂದಲ ಶುರುವಾದದ್ದು ಎಲ್ಲಿ

ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವ ವಸ್ತುಗಳ ಪಟ್ಟಿಗೆ, ಸೇರಿಸಿತು. 2020ರಲ್ಲಿ ಅರೆಕೋಲಿನ್ ಎಂಬ ರಾಸಾಯನಿಕವನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಗುಂಪು 2ಬಿಯಲ್ಲಿ ಇಟ್ಟಿತು. ಕ್ಯಾನ್ಸರ್ ತರುವ ಸಾಧ್ಯತೆ ಇದೆ, ಆದರೆ ಪುರಾವೆ ಪೂರ್ತಿ ಗಟ್ಟಿಯಾಗಿಲ್ಲ ಎಂದು ಅದರ ಅರ್ಥ.

ಇಲ್ಲೇ ಮೊದಲ ಗೊಂದಲ. ಇಡೀ ಅಡಿಕೆ ಗುಂಪು 1, ಅದರ ಮುಖ್ಯ ರಾಸಾಯನಿಕ ಮಾತ್ರ 2ಬಿ. ಇದು ಹೇಗೆ? ಕಾರಣ ಸರಳ. ಮನುಷ್ಯರು ಅಡಿಕೆ ಜಗಿಯುತ್ತಾರೆ, ಶುದ್ಧ ಅರೆಕೋಲಿನ್ ಯಾರೂ ಜಗಿಯುವುದಿಲ್ಲ. ಹಾಗಾಗಿ ಮನುಷ್ಯರ ಮೇಲಿನ ಪುರಾವೆ ಅಡಿಕೆಗೆ ಇದೆ, ಅರೆಕೋಲಿನ್‌ಗೆ ಪ್ರತ್ಯೇಕವಾಗಿ ಇಲ್ಲ. 'ಅರೆಕೋಲಿನ್ ಬರೀ 2ಬಿ, ಆದ್ದರಿಂದ ಅಡಿಕೆ ಸುರಕ್ಷಿತ' ಎಂದು ಕೆಲವರು ಹಂಚಿಕೊಳ್ಳುವುದು ಈ ವ್ಯತ್ಯಾಸ ತಿಳಿಯದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಗುಂಪಿನ ಸಂಖ್ಯೆ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ. ಮದ್ಯ, ಬಿಸಿಲಿನ ಅತಿನೇರಳೆ ಕಿರಣ, ಸಂಸ್ಕರಿಸಿದ ಮಾಂಸ ಎಲ್ಲವೂ ಅದೇ ಗುಂಪು 1ರಲ್ಲಿವೆ. ಅಡಿಕೆಯನ್ನು ವಿಷದ ಹಾಗೆ ತೋರಿಸುವ ಶೀರ್ಷಿಕೆಗಳು ಈ ವಿಷಯವನ್ನು ಬಿಟ್ಟುಬಿಡುತ್ತವೆ. ಬೆಳೆಗಾರರಿಗೆ ಸಿಟ್ಟು ಬರುವುದು ಸಹಜ.

2024ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಲೆಕ್ಕ ಈ ಚರ್ಚೆಗೆ ಮತ್ತೆ ಬಿಸಿ ಏರಿಸಿತು. 2022ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ ಎಂದು ಅದು ಅಂದಾಜಿಸಿತು. ಅದರಲ್ಲಿ 83,400 ಭಾರತದವು. ತಂಬಾಕು ಮತ್ತು ಅಡಿಕೆ, ಎರಡನ್ನೂ ಒಟ್ಟಿಗೆ ಹಿಡಿದ ಲೆಕ್ಕ ಇದು. ಈ ಒಟ್ಟು ಸಂಖ್ಯೆಯನ್ನು ಬರೀ ಅಡಿಕೆಯ ತಲೆಗೆ ಕಟ್ಟುವುದು ತಪ್ಪು.

ಪ್ರೋಟೀನಿಗೆ ಅಂಟುವ ಫಾಸ್ಫೇಟ್

ಈಗ ಜೀವಕೋಶದ ಒಳಗೆ ಹೋಗೋಣ. ನಮ್ಮ ದೇಹದ ಹೆಚ್ಚಿನ ಕೆಲಸ ಮಾಡುವುದು ಪ್ರೋಟೀನ್‌ಗಳು. ಅವನ್ನು ಪ್ರತಿ ಸಲ ಹೊಸದಾಗಿ ತಯಾರಿಸುತ್ತಾ ಕೂರಲು ಜೀವಕೋಶಕ್ಕೆ ಸಮಯ ಇರುವುದಿಲ್ಲ. ಇರುವ ಪ್ರೋಟೀನನ್ನೇ ಕ್ಷಣದಲ್ಲಿ ಚುರುಕು ಮಾಡಬೇಕು, ಕೆಲಸ ಮುಗಿದ ಮೇಲೆ ಸುಮ್ಮನಾಗಿಸಬೇಕು. ಅದಕ್ಕೆ ಬಳಸುವ ಮುಖ್ಯ ಉಪಾಯವೇ ಫಾಸ್ಫೇಟ್ ಅಂಟಿಸುವುದು.

ಅಂಟಿಸುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಪ್ರೋಟೀನಿನ ಒಂದು ನಿರ್ದಿಷ್ಟ ಜಾಗಕ್ಕೆ ಅವು ಕೂರಿಸುತ್ತವೆ. ಸಾಮಾನ್ಯವಾಗಿ ಆ ಜಾಗ ಸೆರಿನ್, ಥ್ರಿಯೋನಿನ್ ಅಥವಾ ಟೈರೋಸಿನ್ ಎಂಬ ಅಮೈನೋ ಆಮ್ಲ. ತೆಗೆಯುವ ಕಿಣ್ವಗಳು ಫಾಸ್ಫಟೇಸ್‌ಗಳು. ಫಾಸ್ಫೇಟ್‌ಗೆ ಋಣ ವಿದ್ಯುದಂಶ ಜಾಸ್ತಿ. ಅದು ಬಂದು ಕೂತ ಕೂಡಲೇ ಅಕ್ಕಪಕ್ಕದ ಭಾಗಗಳು ಸರಿದಾಡುತ್ತವೆ. ಪ್ರೋಟೀನಿನ ಆಕಾರ ಬದಲಾಗುತ್ತದೆ. ಮುಚ್ಚಿದ್ದ ಜಾಗ ತೆರೆಯಬಹುದು, ತೆರೆದದ್ದು ಮುಚ್ಚಬಹುದು, ಅಥವಾ ಬೇರೊಂದು ಪ್ರೋಟೀನ್ ಬಂದು ಕೂರಲು ಹಿಡಿತ ಸಿಗಬಹುದು.

ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಇದನ್ನು ಗುರುತಿಸಿದ್ದು 1950ರ ದಶಕದಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಅವರು ನೋಡುತ್ತಿದ್ದದ್ದು ಸ್ನಾಯುವಿನಲ್ಲಿ ಸಕ್ಕರೆ ಬಿಡುಗಡೆಯಾಗುವ ಬಗೆಯನ್ನು. ಕಂಬಳದ ಕರೆಯಲ್ಲಿ ಕೋಣದ ಹಿಂದೆ ಓಡುವವನ ಕಾಲನ್ನು ಯೋಚಿಸಿ. ಓಟ ಶುರುವಾದಾಗ ಅಡ್ರಿನಲಿನ್ ಏರುತ್ತದೆ. ಅದರಿಂದ ಒಂದು ಕೈನೇಸ್ ಎಚ್ಚರಗೊಳ್ಳುತ್ತದೆ. ಅದು ಇನ್ನೊಂದು ಕೈನೇಸ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಎರಡನೆಯದು ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನನ್ನು, ಒಡೆಯುವ ಕಿಣ್ವಕ್ಕೆ ಅಂಟಿಸುತ್ತದೆ. ಕೂಡಿಟ್ಟ ಗ್ಲೈಕೋಜನ್ ಒಡೆದು ಸ್ನಾಯುವಿಗೆ ಇಂಧನ ಸಿಗುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಕೆಲಸ. ಓಟ ನಿಂತ ಮೇಲೆ ಫಾಸ್ಫಟೇಸ್‌ಗಳು ಬಂದು ಫಾಸ್ಫೇಟ್ ತೆಗೆಯುತ್ತವೆ. ಈ ಶೋಧಕ್ಕೆ 1992ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನುಷ್ಯನಲ್ಲಿ 518 ಪ್ರೋಟೀನ್ ಕೈನೇಸ್‌ಗಳಿವೆ ಎಂದು 2002ರಲ್ಲಿ ಪಟ್ಟಿ ಮಾಡಲಾಯಿತು.

ಫಾಸ್ಫೇಟ್ ಅಂಟಿದರೆ ಪ್ರೋಟೀನ್ ಚುರುಕಾಗಲೇಬೇಕು ಎಂದಿಲ್ಲ ಎಂಬುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಕೆಲವು ಪ್ರೋಟೀನ್‌ಗಳು ಅದರಿಂದ ಎಚ್ಚರಗೊಳ್ಳುತ್ತವೆ, ಕೆಲವು ನಿಂತುಬಿಡುತ್ತವೆ. ಒಂದೇ ಪ್ರೋಟೀನಿನ ಬೇರೆ ಬೇರೆ ಜಾಗದಲ್ಲಿ ಅಂಟಿದರೆ ಪರಿಣಾಮವೂ ಬೇರೆ. ಅಡಿಕೆ ತೋಟದಲ್ಲಿ ಪಂಪು ಒಂದೇ, ನೀರೂ ಒಂದೇ. ಯಾವ ಗೇಟ್‌ವಾಲ್ವ್ ತೆರೆದಿದೆ ಎನ್ನುವುದರ ಮೇಲೆ ನೀರು ಮೇಲಿನ ತೋಟಕ್ಕೆ ಹೋಗುತ್ತದೋ ಕೆಳಗಿನದಕ್ಕೋ ಎಂಬುದು ತೀರ್ಮಾನವಾಗುತ್ತದೆ. ಫಾಸ್ಫೇಟಿನ ವಿಷಯವೂ ಹಾಗೆಯೇ.

ಕೆನ್ನೆಯ ಒಳಗೆ ಏನಾಗುತ್ತದೆ

ಒಂದು ಹೋಳು ಚಾಲಿ (ಹಣ್ಣಾದ ಮೇಲೆ ಒಣಗಿಸಿದ) ಅಡಿಕೆ, ಸುಣ್ಣ ಸವರಿದ ವೀಳ್ಯದೆಲೆ ಬಾಯಿಗೆ ಹೋಯಿತು ಎಂದುಕೊಳ್ಳಿ. ಜಗಿದಾಗ ಅಡಿಕೆಯಿಂದ ಅರೆಕೋಲಿನ್, ಅರೆಕೈಡಿನ್, ಗುವಾಸಿನ್, ಗುವಾಕೋಲಿನ್ ಎಂಬ ನಾಲ್ಕು ಸಸ್ಯ ರಾಸಾಯನಿಕಗಳು, ಅಂದರೆ ಆಲ್ಕಲಾಯ್ಡ್‌ಗಳು ಎಂಜಲಿಗೆ ಬರುತ್ತವೆ. ಅರೆಕೋಲಿನ್ ಇವುಗಳಲ್ಲಿ ಮುಖ್ಯವಾದದ್ದು. ಅದು ನರಗಳ ಸಂದೇಶ ಹಿಡಿಯುವ ಗ್ರಾಹಕಗಳಿಗೆ ಹೋಗಿ ಕೂರುತ್ತದೆ. ಅಭ್ಯಾಸ ಇಲ್ಲದವರಿಗೆ ಅಡಿಕೆ ಸೊಕ್ಕುವುದು, ಬೆವರುವುದು, ಬಾಯಲ್ಲಿ ನೀರು ತುಂಬುವುದು ಇದರಿಂದಲೇ. ಸುಣ್ಣ ಸೇರಿದಾಗ ಬಾಯಿಯ ಕ್ಷಾರತೆ ಏರುತ್ತದೆ. ಆಗ ಅಡಿಕೆಯ ಒಗರಿನ ಅಂಶಗಳು ಆಮ್ಲಜನಕದ ಜೊತೆ ಸೇರಿ, ಜೀವಕೋಶಕ್ಕೆ ಪೆಟ್ಟು ಕೊಡುವ ಚಂಚಲ ಅಣುಗಳನ್ನು ಹುಟ್ಟಿಸುತ್ತವೆ.

ಊಟದ ನಂತರ ಒಮ್ಮೆ ಹಾಕಿ ಉಗುಳಿದರೆ ಕೆನ್ನೆಯ ಒಳಪದರ ಇದನ್ನು ಸರಿಪಡಿಸಿಕೊಳ್ಳಬಹುದು. ದಿನಕ್ಕೆ ಹತ್ತು ಸಲ, ಅದೇ ಕೆನ್ನೆಯಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡರೆ? ಆಗ ಫಾಸ್ಫೇಟಿನ ಕತೆ ಶುರುವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2012ರಲ್ಲಿ ಒಂದು ಮಹತ್ವದ ಪ್ರಬಂಧ ಪ್ರಕಟಿಸಿದರು. ಅಡಿಕೆಯ ಸಾರವನ್ನು ಮೇಲ್ಪದರದ ಜೀವಕೋಶಗಳಿಗೆ ಹಾಕಿದಾಗ ಟಿಜಿಎಫ್-ಬೀಟಾ ಎಂಬ ಸಂದೇಶದ ದಾರಿ ಚುರುಕಾಗುವುದನ್ನು ಅವರು ತೋರಿಸಿದರು. ಟಿಜಿಎಫ್-ಬೀಟಾ ನಮಗೆ ಬೇಕಾದ ವಸ್ತುವೇ. ಗಾಯ ಮಾಗಲು ಅದು ಬೇಕು. ಅದರ ಗ್ರಾಹಕವೇ ಒಂದು ಕೈನೇಸ್. ಸಂದೇಶ ಬಂದಾಗ ಅದು ಸ್ಮ್ಯಾಡ್ ಎಂಬ ಪ್ರೋಟೀನಿನ ಬಾಲದ ತುದಿಯಲ್ಲಿರುವ ಎರಡು ಸೆರಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಹೊತ್ತ ಸ್ಮ್ಯಾಡ್ ಜೊತೆಗಾರನನ್ನು ಹುಡುಕಿಕೊಂಡು ಜೀವಕೋಶದ ಕೇಂದ್ರಕ್ಕೆ ಹೋಗುತ್ತದೆ. ಕೊಲಾಜನ್ ಎಂಬ ನಾರಿನ ಪ್ರೋಟೀನ್ ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಗಾಯದ ಮೇಲೆ ಹೊಸ ನಾರು ಹೆಣೆಯುತ್ತದೆ. ಗಾಯ ಮಾಗಿದ ಮೇಲೆ ಸಂದೇಶ ನಿಲ್ಲುತ್ತದೆ, ಫಾಸ್ಫೇಟ್ ಕಳಚುತ್ತದೆ.

ಜಗಿಯುವ ಬಾಯಲ್ಲಿ ಅದು ನಿಲ್ಲುವುದಿಲ್ಲ. ಪೆಟ್ಟು ದಿನವೂ ಬೀಳುತ್ತಿರುತ್ತದೆ. ಅದೇ ತಂಡ 2016ರಲ್ಲಿ ಇನ್ನೂ ಮೇಲಿನ ಕೊಂಡಿಯನ್ನು ಗುರುತಿಸಿತು. ಅಡಿಕೆಯ ಅಂಶಗಳು ಜೆಎನ್‌ಕೆ ಎಂಬ ಕೈನೇಸನ್ನು ಎಬ್ಬಿಸುತ್ತವೆ. ಅದು ಇನ್ನೆರಡು ಪ್ರೋಟೀನ್‌ಗಳ ಮೂಲಕ ಟಿಜಿಎಫ್-ಬೀಟಾದ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ. ಅಂದರೆ ಒಂದರ ಮೇಲೊಂದು ಫಾಸ್ಫೇಟ್ ಅಂಟುವ ಸರಪಳಿ. ಕೊಲಾಜನ್ ತಯಾರಾಗುತ್ತಲೇ ಹೋಗುತ್ತದೆ, ಹಳೆಯ ಕೊಲಾಜನ್ ಕರಗುವುದು ಕಡಿಮೆಯಾಗುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶವೂ ಈ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ ಎಂಬ ವಾದವಿದೆ. ಕೊಳೆರೋಗಕ್ಕೆ ತಾಮ್ರ ಇರುವ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕಡೆ ಇದನ್ನು ಕೇಳಿದ ಕೂಡಲೇ ಸಿಂಪಡಣೆಯ ಕಡೆಗೆ ಬೆರಳು ತೋರಿಸುವವರಿದ್ದಾರೆ. ಅಷ್ಟು ಹೇಳಲು ಈ ಪುರಾವೆ ಸಾಲದು.

ವರ್ಷಗಳು ಕಳೆದಂತೆ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಖಾರ ತಿಂದರೆ ಉರಿ. ಬೆರಳಿಟ್ಟು ನೋಡಿದರೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಡಾಕ್ಟರುಗಳು ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಇದು ಇರುವವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ. ಕೇರಳದ ಎರ್ನಾಕುಲಂನಲ್ಲಿ ಇಂಥ 66 ಮಂದಿಯನ್ನು 17 ವರ್ಷ ಗಮನಿಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ 7.6 ಶೇಕಡಾ ಜನರಿಗೆ, ಅಂದರೆ ಐದು ಮಂದಿಗೆ, ಕ್ಯಾನ್ಸರ್ ಬಂದಿತ್ತು. ಸಣ್ಣ ಗುಂಪಿನ ಅಧ್ಯಯನ ಅದು. ಆದರೂ ದಿಕ್ಕು ಸ್ಪಷ್ಟವಿದೆ.

ಅಟ್ಲಾಂಟದ ಆ ಸಂಶೋಧನೆ ನಿಜಕ್ಕೂ ಹೇಳಿದ್ದೇನು

'ಅಡಿಕೆ ಕ್ಯಾನ್ಸರ್ ತಡೆಯುತ್ತದೆ' ಎನ್ನುವವರು ಹೆಚ್ಚಾಗಿ ತೋರಿಸುವುದು ಅಮೆರಿಕದ ಅಟ್ಲಾಂಟದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಕೆಲಸವನ್ನು. 2016ರಲ್ಲಿ ಮಾಲಿಕ್ಯುಲರ್ ಸೆಲ್ ಎಂಬ ದೊಡ್ಡ ಪತ್ರಿಕೆಯಲ್ಲಿ ಅದು ಬಂತು. ಕೆಲಸ ಚೆನ್ನಾಗಿದೆ, ಅದರಲ್ಲಿ ಸಂಶಯ ಬೇಡ. ಅದನ್ನು ಸರಿಯಾಗಿ ಓದಬೇಕು ಅಷ್ಟೆ.

ಕ್ಯಾನ್ಸರ್ ಕೋಶಗಳಿಗೆ ಒಂದು ವಿಚಿತ್ರ ಗುಣ ಇದೆ. ಆಮ್ಲಜನಕ ಬೇಕಾದಷ್ಟು ಇದ್ದರೂ ಅವು ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಅರ್ಧಕ್ಕೇ ಬಿಟ್ಟು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ವೇಗವಾಗಿ ಬೆಳೆಯಲು ಇದು ಅವಕ್ಕೆ ಅನುಕೂಲ. ಒಟ್ಟೋ ವಾರ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಸಕ್ಕರೆ ಪೂರ್ತಿ ಉರಿಯಬೇಕಾದರೆ ಪೈರುವೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವ ಕೆಲಸ ಮಾಡಬೇಕು. ಎಮರಿ ತಂಡ ಕಂಡುಕೊಂಡದ್ದು ಈ ಕಿಣ್ವವನ್ನು ಹಿಡಿದು ನಿಲ್ಲಿಸುವ ಎಸಿಎಟಿ1 ಎಂಬ ಇನ್ನೊಂದು ಕಿಣ್ವವನ್ನು.

ಎಸಿಎಟಿ1ರ ನಾಲ್ಕು ತುಂಡುಗಳು ಸೇರಿ ಒಂದು ಜೋಡಣೆಯಾದಾಗ ಮಾತ್ರ ಅದಕ್ಕೆ ಬಲ. ಬೆಳವಣಿಗೆಯ ಸಂದೇಶ ಬಂದಾಗ ಅದರ 407ನೇ ಜಾಗದ ಟೈರೋಸಿನ್‌ಗೆ ಫಾಸ್ಫೇಟ್ ಅಂಟುತ್ತದೆ. ಆ ಫಾಸ್ಫೇಟ್ ಇದ್ದರೆ ನಾಲ್ಕೂ ತುಂಡು ಬಿಡದೆ ಕೂತಿರುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಈ ಅಂಟುವಿಕೆ ಜಾಸ್ತಿ ಇತ್ತು. ಅರೆಕೋಲಿನ್ ಹೈಡ್ರೋಬ್ರೋಮೈಡ್ ಎಂಬ ಲವಣ ಆ ನಾಲ್ಕರ ಜೋಡಣೆಯನ್ನೇ ಒಡೆಯುತ್ತದೆ, ಒಡೆದ ತುಂಡುಗಳು ಮತ್ತೆ ಸೇರದಂತೆ ಮಾಡುತ್ತದೆ ಎಂದು ತಂಡ ತೋರಿಸಿತು. ಆಗ ಸಕ್ಕರೆ ಪೂರ್ತಿ ಉರಿಯತೊಡಗುತ್ತದೆ. ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಗ್ಗುತ್ತದೆ. ಇಲಿಗಳಲ್ಲಿ ಬೆಳೆಸಿದ ಗಡ್ಡೆಗಳೂ ನಿಧಾನವಾದವು.

ಇಲ್ಲಿ ಬಳಸಿದ್ದು ಶುದ್ಧೀಕರಿಸಿದ ರಾಸಾಯನಿಕ. ಅಳತೆ ಮಾಡಿದ ಪ್ರಮಾಣ. ಅದು ತಲುಪಿದ್ದು ಆಗಲೇ ಕ್ಯಾನ್ಸರ್ ಆಗಿರುವ ಕೋಶಗಳನ್ನು. ಯಾರೂ ಅಡಿಕೆ ಜಗಿಯಲಿಲ್ಲ. ಜಗಿದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಆ ಪ್ರಬಂಧ ಎಲ್ಲೂ ಹೇಳುವುದಿಲ್ಲ.

ಒಂದೇ ವಸ್ತು, ಎರಡು ಪರಿಣಾಮ

ಕ್ಯಾನ್ಸರ್ ತರುವ ವಸ್ತುವೇ ಕ್ಯಾನ್ಸರ್ ಔಷಧ ಆಗುವುದು ವೈದ್ಯಕೀಯದಲ್ಲಿ ಹೊಸದೇನಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮೊಕ್ಸಿಫೆನ್ ಐಎಆರ್‌ಸಿಯ ಗುಂಪು 1ರಲ್ಲಿದೆ. ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುತ್ತದೆ. ಕೀಮೋಥೆರಪಿಯಲ್ಲಿ ಬಳಸುವ ಸೈಕ್ಲೊಫಾಸ್ಫಮೈಡ್ ಕೂಡ ಅದೇ ಗುಂಪಿನದ್ದು. ಆದರೂ ಎರಡೂ ಅಸಂಖ್ಯ ಜೀವಗಳನ್ನು ಉಳಿಸಿವೆ. ಡಾಕ್ಟರು ರೋಗಿಯನ್ನು ನೋಡಿ, ಲಾಭ ಎಷ್ಟು, ಅಪಾಯ ಎಷ್ಟು ಎಂದು ತೂಗಿ ಕೊಡುತ್ತಾರೆ. ಆ ಮಾತ್ರೆಯನ್ನು ಆರೋಗ್ಯವಂತರು ದಿನಾ ಚೀಪಲಿ ಎಂದು ಯಾರೂ ಹೇಳುವುದಿಲ್ಲ.

ಅರೆಕೋಲಿನ್ ವಿಷಯದಲ್ಲೂ ಹೀಗೇ ನೋಡಬೇಕು. ಕೆನ್ನೆಯ ಆರೋಗ್ಯವಂತ ಕೋಶದಲ್ಲಿ, ವರ್ಷಗಟ್ಟಲೆ, ಸುಣ್ಣ ಮತ್ತು ಬೇರೆ ರಾಸಾಯನಿಕಗಳ ಜೊತೆ ಹೋದಾಗ ಜೆಎನ್‌ಕೆ ಮತ್ತು ಸ್ಮ್ಯಾಡ್‌ಗೆ ಫಾಸ್ಫೇಟ್ ಅಂಟುವುದು ಹೆಚ್ಚುತ್ತದೆ. ಗಡ್ಡೆಯ ಕೋಶದಲ್ಲಿ, ಶುದ್ಧ ರೂಪದಲ್ಲಿ, ಕೆಲವು ವಾರ ಕೊಟ್ಟಾಗ ಫಾಸ್ಫೇಟ್ ಹಿಡಿದು ನಿಲ್ಲಿಸಿದ್ದ ಇನ್ನೊಂದು ಜೋಡಣೆ ಒಡೆಯುತ್ತದೆ. ಪ್ರೋಟೀನ್ ಬೇರೆ, ಕೋಶ ಬೇರೆ, ಪ್ರಮಾಣ ಬೇರೆ, ಅವಧಿ ಬೇರೆ. ಒಂದರ ಫಲಿತಾಂಶ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಇದರಿಂದ ಇನ್ನೂ ಒಂದು ಮಾತು ಹೊರಡುತ್ತದೆ, ಅದು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಪ್ರಯೋಗ, ಅದು ಬೆಂಗಳೂರಿನದ್ದಿರಲಿ ಅಟ್ಲಾಂಟದ್ದಿರಲಿ, ಹಾನಿ ಅಥವಾ ಲಾಭ ಹೇಗೆ ಆಗಬಹುದು ಎಂಬುದನ್ನು ಹೇಳುತ್ತದೆ. ಮನುಷ್ಯರಲ್ಲಿ ಆಗುತ್ತದೆಯೇ, ಎಷ್ಟು ಆಗುತ್ತದೆ ಎಂಬುದನ್ನು ಹೇಳಲು ಮನುಷ್ಯರನ್ನೇ ನೋಡಬೇಕು.

'ತಪ್ಪು ಹೊಗೆಸೊಪ್ಪಿನದ್ದು' ಎಂಬ ವಾದ

ಬೆಳೆಗಾರರು ಮತ್ತು ಸಹಕಾರಿ ಸಂಘಗಳ ಮುಖ್ಯ ವಾದ ಇದು: ಅಧ್ಯಯನಗಳಲ್ಲಿ ಗುಟ್ಕಾ, ಹೊಗೆಸೊಪ್ಪು, ಪಾನ್ ಮಸಾಲ ತಿನ್ನುವವರನ್ನು ಸೇರಿಸಿ ಅಡಿಕೆಯ ಮೇಲೆ ತಪ್ಪು ಹೊರಿಸುತ್ತಾರೆ. ನಮ್ಮ ಹಿರಿಯರು ತಲೆಮಾರುಗಳಿಂದ ಎಲೆಅಡಿಕೆ ಹಾಕಿದ್ದಾರೆ. ಪೂಜೆ, ಮದುವೆ, ನಾಗನ ತಂಬಿಲ, ಮನೆಗೆ ಬಂದವರ ಮುಂದಿಡುವ ಹರಿವಾಣ, ಯಾವುದೂ ಅಡಿಕೆ ಇಲ್ಲದೆ ನಡೆಯುವುದಿಲ್ಲ. ಹಾಗಾಗಿ ಶುದ್ಧ ಅಡಿಕೆಯನ್ನು ಬೇರೆಯಾಗಿ ಪರೀಕ್ಷಿಸಬೇಕು.

ಈ ವಾದದ ಅರ್ಧ ಭಾಗ ಗಟ್ಟಿಯಾಗಿದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ ಒಂದು ವಿಶ್ಲೇಷಣೆ 2014ರಲ್ಲಿ ಬಂತು. ಜಗಿಯದವರಿಗೆ ಹೋಲಿಸಿದರೆ ಹೊಗೆಸೊಪ್ಪು ಸೇರಿಸಿ ಜಗಿಯುವವರಲ್ಲಿ ಬಾಯಿ-ಗಂಟಲಿನ ಕ್ಯಾನ್ಸರ್ ಸಾಧ್ಯತೆ ಸುಮಾರು 7.7 ಪಟ್ಟು. ಭಾರತ ಉಪಖಂಡದಲ್ಲಿ ಹೊಗೆಸೊಪ್ಪು ಇಲ್ಲದೆ ಜಗಿಯುವವರಲ್ಲಿ ಸುಮಾರು 2.6 ಪಟ್ಟು. ಹೊಗೆಸೊಪ್ಪು ಸೇರಿದರೆ ಅಪಾಯ ತುಂಬಾ ಜಾಸ್ತಿ ಎಂಬ ಬೆಳೆಗಾರರ ಮಾತು ಇಲ್ಲಿ ಸರಿಯಾಗುತ್ತದೆ. ಆದರೆ 2.6 ಎಂದರೆ 1 ಅಲ್ಲ. ಹೊಗೆಸೊಪ್ಪು ತೆಗೆದರೂ ಅಪಾಯ ಪೂರ್ತಿ ಹೋಗುವುದಿಲ್ಲ.

ತೈವಾನ್ ಈ ಚರ್ಚೆಯಲ್ಲಿ ಬಹಳ ಮುಖ್ಯವಾಗುವುದು ಇದಕ್ಕೇ. ಅಲ್ಲಿ ಎಳೆಯ ಹಸಿರು ಅಡಿಕೆಯನ್ನು ಸುಣ್ಣದ ಜೊತೆ ಜಗಿಯುತ್ತಾರೆ, ಹೊಗೆಸೊಪ್ಪು ಹಾಕುವ ರೂಢಿ ಇಲ್ಲ. ಅದೇ ವಿಶ್ಲೇಷಣೆಯಲ್ಲಿ ಅಲ್ಲಿನ ಅಪಾಯ ಸುಮಾರು 11 ಪಟ್ಟು. ತಂಬಾಕನ್ನು ದೂಷಿಸಿ ಮುಗಿಸಲು ಅಲ್ಲಿ ಅವಕಾಶವೇ ಇಲ್ಲ. ಅಡಿಕೆ ತೋಟ ತೆಗೆದು ಬೇರೆ ಬೆಳೆಗೆ ಹೋಗುವ ರೈತರಿಗೆ ಅಲ್ಲಿನ ಸರ್ಕಾರ ಸಹಾಯಧನವನ್ನೂ ಕೊಟ್ಟಿದೆ.

ಹಾಗೆಂದು ತೈವಾನಿನ 11 ಪಟ್ಟನ್ನು ಸುಮ್ನೆ ಎತ್ತಿ ನಮ್ಮ ಚಾಲಿ ಅಡಿಕೆಗೆ ಅಂಟಿಸುವುದೂ ಸರಿಯಲ್ಲ. ಎಳೆ ಅಡಿಕೆ ಬೇರೆ, ಅಂಗಳದಲ್ಲಿ ವಾರಗಟ್ಟಲೆ ಒಣಗಿದ ಹಣ್ಣಡಿಕೆ ಬೇರೆ, ಮಲೆನಾಡಿನಲ್ಲಿ ಬೇಯಿಸಿ ಒಣಗಿಸಿದ ಕೆಂಪಡಿಕೆ ಬೇರೆ. ಜಗಿಯುವ ಬಗೆಯೂ ಬೇರೆ. ಒಣ ಪಾನ್ ಮಸಾಲ, ಗುಟ್ಕಾ ತಿನ್ನುವವರಲ್ಲಿ ಬಾಯಿ ಬಿಗಿಯುವ ರೋಗ ಕೆಲವೇ ವರ್ಷಗಳಲ್ಲಿ ಕಾಣಿಸುತ್ತದೆ. ಎಲೆ ಸೇರಿಸಿ ಜಗಿಯುವವರಲ್ಲಿ ಅದಕ್ಕೆ ಹೆಚ್ಚು ವರ್ಷ ಬೇಕಾಗುತ್ತದೆ ಎಂದು ಭಾರತದ ಅಧ್ಯಯನಗಳು ತೋರಿಸಿವೆ. ಶುದ್ಧ ಅಡಿಕೆಯನ್ನು ಬೇರೆಯಾಗಿ ನೋಡಿ ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಬಾಯಿ ಬಿಗಿಯುವ ಈ ರೋಗ ಹೊಗೆಸೊಪ್ಪು ಮುಟ್ಟದ, ಬರೀ ಅಡಿಕೆ ಜಗಿಯುವವರಲ್ಲೂ ಬರುತ್ತದೆ ಎಂಬುದನ್ನು ಆ ಬೇಡಿಕೆ ಮರೆಸಬಾರದು.

ಔಷಧವಾದರೆ ಬೆಲೆ ಏರುತ್ತದೆಯೇ

ಅಡಿಕೆಯಿಂದ ಕ್ಯಾನ್ಸರ್ ಔಷಧ ಬಂದರೆ ಬೇಡಿಕೆ ಹೆಚ್ಚುತ್ತದೆ, ಕಳಂಕವೂ ತೊಲಗುತ್ತದೆ ಎಂಬ ಆಸೆ ಹಲವರಲ್ಲಿದೆ. ಈ ಆಸೆಯನ್ನು ಪರೀಕ್ಷಿಸಲು ಫಾಸ್ಫೇಟಿನದ್ದೇ ಇನ್ನೊಂದು ಕತೆ ನೋಡಬಹುದು.

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಒಂದು ಹೊಸ ಕೈನೇಸ್ ಹುಟ್ಟುತ್ತದೆ. ಅದಕ್ಕೆ ನಿಲ್ಲುವುದೇ ಗೊತ್ತಿಲ್ಲ. ಸಿಕ್ಕಿದ ಪ್ರೋಟೀನ್‌ಗಳಿಗೆಲ್ಲ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ, ಬಿಳಿ ರಕ್ತಕಣಗಳು ಬೆಳೆಯುತ್ತಲೇ ಇರುತ್ತವೆ. ಎಟಿಪಿ ಬಂದು ಕೂರುವ ಜಾಗದಲ್ಲಿ ತಾನೇ ಕೂತು ಆ ಕೈನೇಸನ್ನು ನಿಲ್ಲಿಸುವ ಇಮಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜೀವ ತೆಗೆಯುತ್ತಿದ್ದ ಕಾಯಿಲೆ ದಿನಾ ಮಾತ್ರೆ ತಿಂದು ಬಾಳಬಹುದಾದ ಕಾಯಿಲೆಯಾಯಿತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ನೋವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಭಾರತದ ಕಂಪನಿಗಳು ಕಡಿಮೆ ಬೆಲೆಯಲ್ಲಿ ಈ ಮಾತ್ರೆ ತಯಾರಿಸುವುದಕ್ಕೆ ಇದ್ದ ಆತಂಕ ದೂರವಾಯಿತು. ಆಮೇಲೆ ಬಂದ, ಕೈನೇಸ್ ತಡೆಯುವ ಔಷಧಗಳು ಈಗ 80ಕ್ಕೂ ಹೆಚ್ಚು.

ಇಮಾಟಿನಿಬ್ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಕಾರಣ, ಆ ರೋಗಕ್ಕೆ ಒಂದೇ ಕೈನೇಸ್ ಮೂಲ. ಬಾಯಿ ಕ್ಯಾನ್ಸರ್ ಹಾಗಲ್ಲ. ಹಲವು ದಾರಿಗಳು ಒಟ್ಟಿಗೆ ಕೆಟ್ಟಿರುತ್ತವೆ. ಇಜಿಎಫ್‌ಆರ್ ಎಂಬ ಬೆಳವಣಿಗೆಯ ಗ್ರಾಹಕವನ್ನು ತಡೆಯುವ ಸೆಟುಕ್ಸಿಮಾಬ್ 2006ರಿಂದ ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಉಪಯೋಗ ಇದೆ, ಆದರೆ ಇಮಾಟಿನಿಬ್ ತಂದಂಥ ಬದಲಾವಣೆ ಅದರಿಂದ ಆಗಲಿಲ್ಲ. ಅರೆಕೋಲಿನ್ ಕೂಡ ಅಷ್ಟು ಸುಲಭಕ್ಕೆ ಔಷಧ ಆಗುವುದಿಲ್ಲ. ಅದು ನರಗಳ ಗ್ರಾಹಕಗಳನ್ನೂ ಕೆಣಕುತ್ತದೆ. ಆ ಗುಣವನ್ನು ತೆಗೆದ ಹೊಸ ಅಣು ಬೇಕು, ಆಮೇಲೆ ಮನುಷ್ಯರ ಮೇಲೆ ಹಂತ ಹಂತದ ಪರೀಕ್ಷೆ ಆಗಬೇಕು.

ಅದೆಲ್ಲ ಆದರೂ ತೋಟಕ್ಕೆ ಲಾಭ ಇಲ್ಲ ಎಂದೇ ಕಾಣುತ್ತದೆ. ಅರೆಕೋಲಿನನ್ನು ಲ್ಯಾಬ್‌ನಲ್ಲೇ ತಯಾರಿಸಬಹುದು. ಹಿಂದೆ ನಾಯಿಗಳ ಲಾಡಿಹುಳಕ್ಕೆ ಇದೇ ಲವಣವನ್ನು ಔಷಧವಾಗಿ ಕೊಡುತ್ತಿದ್ದರು. ಅದರಿಂದ ಅಡಿಕೆ ಮಾರುಕಟ್ಟೆ ಬದಲಾಗಲಿಲ್ಲ. ಔಷಧಕ್ಕೆ ಬೇಕಾಗುವ ಪ್ರಮಾಣವೂ ತುಂಬಾ ಸಣ್ಣದು. ಔಷಧದ ಆಸೆಯ ಮೇಲೆ ಹೊಸ ತೋಟ ಹಾಕುವುದು ಕೃಷಿಕರಿಗೆ ನಷ್ಟದ ದಾರಿ.

ಮುಂದೆ ಏನಾಗಬಹುದು

ಕಾನೂನಿನ ಒತ್ತಡ ಹೆಚ್ಚುತ್ತಲೇ ಇದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಸುಪಾರಿ ಪೊಟ್ಟಣಗಳ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಈಗಾಗಲೇ ಕಡ್ಡಾಯ. 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಮೇಲೂ ಆಕ್ಷೇಪ ಎತ್ತಿತು. ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದು ಎಂಬುದು ಅದರ ಕಾರಣ. ಹಾಳೆ ತಟ್ಟೆಯನ್ನೇ ನಂಬಿದ ಸಣ್ಣ ಘಟಕಗಳಿಗೆ ಇದು ದೊಡ್ಡ ಪೆಟ್ಟು.

ಮಂಗಳೂರಿನಲ್ಲೇ 1973ರಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಅಡಿಕೆಯ ಜೊತೆಗೆ ಕೊಕ್ಕೊವನ್ನೂ ಕೈಗೆತ್ತಿಕೊಂಡು, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. ಒಂದೇ ಬೆಳೆಯನ್ನು ನೆಚ್ಚಿಕೊಳ್ಳಬಾರದು ಎಂಬ ಯೋಚನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಅಡಿಕೆ ಬೆಳೆಯುವವನು ಅಪರಾಧಿ ಅಲ್ಲ. ಜಗಿಯುವವನಿಗೆ ಸತ್ಯ ಹೇಳುವುದರಿಂದ ಬೆಳೆಯುವವನಿಗೆ ದ್ರೋಹವೂ ಆಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡರೆ ಮಾತ್ರ ಮುಂದಿನ ಮಾತುಕತೆ ಸಾಧ್ಯ.

ಹೊಸ ಅಧ್ಯಯನ ಬೇಕು ಎನ್ನುವವರು ಅದು ಹೇಗಿರಬೇಕು ಎಂದೂ ಕೇಳಬೇಕು. ಹೊಗೆಸೊಪ್ಪು ಮುಟ್ಟದ, ಬರೀ ಎಲೆಅಡಿಕೆ ಹಾಕುವ ಸಾಕಷ್ಟು ಜನ ದಕ್ಷಿಣ ಕನ್ನಡ, ಉಡುಪಿಯಲ್ಲಿ ಸಿಗುತ್ತಾರೆ. ಅವರು ತಿನ್ನುವುದು ಚಾಲಿಯೋ ಹಸಿಯೋ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಸುಣ್ಣ ಎಷ್ಟು, ನುಂಗುತ್ತಾರೋ ಉಗುಳುತ್ತಾರೋ ಎಂದು ಬರೆದಿಡಬೇಕು. ಜಗಿಯದವರ ಜೊತೆ ಹೋಲಿಸಬೇಕು, ವರ್ಷಗಳ ಕಾಲ ಬಾಯಿ ಪರೀಕ್ಷಿಸಬೇಕು. ಕೆನ್ನೆಯ ಕೋಶಗಳಲ್ಲಿ ಸ್ಮ್ಯಾಡ್, ಜೆಎನ್‌ಕೆಗಳ ಮೇಲೆ ಫಾಸ್ಫೇಟ್ ಎಷ್ಟಿದೆ ಎಂದು ಅಳೆದರೆ, ಕಣ್ಣಿಗೆ ಪಟ್ಟಿ ಕಾಣುವ ಮೊದಲೇ ಬದಲಾವಣೆ ತಿಳಿಯುವುದೇ ಎಂಬುದನ್ನೂ ಪರೀಕ್ಷಿಸಬಹುದು. ಇಂಥ ಅಳತೆಗೆ ಬೇಕಾದ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ನೋಡಿ ಗುರುತಿಸುವ ಯಂತ್ರ) ಮತ್ತು ಪರಿಣತಿ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದ ಕೇಂದ್ರದಲ್ಲೇ ಇದೆ. ಬರೀ ಅಡಿಕೆ ಸಾರವನ್ನು ಗಾಜಿನ ತಟ್ಟೆಗೆ ಸುರಿದು ಕೊಡುವ ವರದಿ, ಅದು ಯಾರ ಪರವಾಗಿ ಬಂದರೂ, ಈ ಪ್ರಶ್ನೆಗೆ ಉತ್ತರ ಆಗುವುದಿಲ್ಲ.

ಈಗಲೇ ಜಗಿಯುತ್ತಿರುವವರಿಗೆ

ಅಧ್ಯಯನ ಮುಗಿಯುವವರೆಗೆ ಬಾಯಿ ಕಾಯುವುದಿಲ್ಲ. ಸಾಮಾನ್ಯವಾಗಿ ದೊಡ್ಡವರ ಬಾಯಿಯಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಅವರದ್ದೇ ಮೂರು ಬೆರಳು ನೆಟ್ಟಗೆ ಹೋಗುತ್ತವೆ. ಎರಡೇ ಹೋಗುತ್ತಿದ್ದರೆ, ಸಾರಿನ ಖಾರಕ್ಕೂ ಕೆನ್ನೆ ಉರಿಯುತ್ತಿದ್ದರೆ, ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ-ಕೆಂಪು ಮಚ್ಚೆ ಇದ್ದರೆ ಡೆಂಟಲ್ ಡಾಕ್ಟರ ಹತ್ತಿರ ತೋರಿಸಬೇಕು. ಮಂಗಳೂರು, ಮಣಿಪಾಲದ ಡೆಂಟಲ್ ಕಾಲೇಜುಗಳಲ್ಲಿ ಬಾಯಿಯ ತಪಾಸಣೆ ಮಾಡುತ್ತಾರೆ. ಜಗಿಯುವುದನ್ನು ನಿಲ್ಲಿಸಿದರೆ ದಿನದಿನದ ಪೆಟ್ಟು ನಿಲ್ಲುತ್ತದೆ, ಉರಿ ಕಡಿಮೆಯಾಗಬಹುದು. ಆಗಲೇ ಗಟ್ಟಿಯಾದ ಕೊಲಾಜನ್ ಪಟ್ಟಿ ಮಾತ್ರ ತಾನಾಗಿ ಕರಗುವುದಿಲ್ಲ. ಚುಚ್ಚುಮದ್ದು, ಬಾಯಿ ತೆರೆಯುವ ವ್ಯಾಯಾಮ, ಜಾಸ್ತಿಯಾದರೆ ಆಪರೇಷನ್ ಬೇಕಾಗುತ್ತದೆ. ಅದಾದ ಮೇಲೂ ವರ್ಷಕ್ಕೆ ಒಂದೆರಡು ಸಲ ಬಾಯಿ ತೋರಿಸುತ್ತಿರಬೇಕು. ಅಡಿಕೆ ಬಿಟ್ಟವರಲ್ಲೂ ಕ್ಯಾನ್ಸರ್ ಸಾಧ್ಯತೆ ಒಮ್ಮೆಲೇ ಇಳಿಯುವುದಿಲ್ಲ.